ಮೀಟರ್ ಇಟ್ಟು ನೋಡದೆ ಸ್ವಿಚ್ ಒತ್ತದ ಅಂಗಡಿ

ಈ ಅಂಗಡಿಗೆ ಬೋರ್ಡ್ ಇಲ್ಲ. ತುಮಕೂರಿನ ಅಶೋಕ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ, ಟೈಲರ್ ಪಕ್ಕ, ಅರ್ಧ ಎತ್ತಿದ ಷಟರ್. ಮುಂದೆ ಮೂರ್ನಾಲ್ಕು ಮಿಕ್ಸಿ, ಒಂದು ಟೇಬಲ್ ಫ್ಯಾನು ಬಿದ್ದಿರುತ್ತವೆ. ಬಗ್ಗಿ ಒಳಗೆ ಹೋದರೆ ಗೋಡೆ ತುಂಬ ಹಳೇ ರೇಡಿಯೋ. ಅವುಗಳ ನಡುವೆ ಎಪ್ಪತ್ತರ ಹತ್ತಿರದ ಯಜಮಾನರು, ಮೂಗಿನ ತುದಿಯಲ್ಲಿ ಕನ್ನಡಕ. ವಾಲ್ವ್ (ಟ್ರಾನ್ಸಿಸ್ಟರ್ ಬರುವ ಮುಂಚಿನ ಗಾಜಿನ ಕೊಳವೆ) ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವರು. ಗಿಟಾರ್ ಆಂಪ್ಲಿಫೈಯರ್ ಇಟ್ಟುಕೊಂಡು ನಮ್ಮೂರಲ್ಲಿ ಒದ್ದಾಡುವವರಿಗೆ ಇವರ ವಿಷಯ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಹಗಲು ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ರಾತ್ರಿ ಆರ್ಕೆಸ್ಟ್ರಾದಲ್ಲಿ ಗಿಟಾರ್. (ರಾಜ್ಯೋತ್ಸವ ನಮ್ಮ ಕಡೆ ಒಂದು ದಿನದ ಹಬ್ಬ ಅಲ್ಲ, ನವೆಂಬರ್ ಪೂರ್ತಿ ನಡೆಯುತ್ತದೆ.) ಇಷ್ಟು ವರ್ಷ ಗಿಟಾರನ್ನು ಸೀದಾ ಸೌಂಡ್ ಮಿಕ್ಸರ್‌ಗೆ ಕೊಟ್ಟು ನುಡಿಸುತ್ತಿದ್ದೆ. ಹೋದ ವರ್ಷ ಆಸೆ ತಡೆಯದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾರ್ಷಲ್ ಡಿಎಸ್‌ಎಲ್ 20 ಹೆಡ್ ತೆಗೆದುಕೊಂಡೆ. 20 ವ್ಯಾಟ್, ವಾಲ್ವ್ ಆಂಪು. ಹೆಡ್ ಅಂದರೆ ಬರೀ ಆಂಪ್ಲಿಫೈಯರ್, ಸ್ಪೀಕರ್ ಬಾಕ್ಸ್ ಬೇರೆ ಕೊಳ್ಳಬೇಕು. ಬಾಕ್ಸನ್ನು ಬೆಂಗಳೂರಿನಲ್ಲಿ ಇನ್ನೊಬ್ಬರ ಹತ್ತಿರ ತಂದೆ. 12 ಇಂಚಿನ ಎರಡು ಸ್ಪೀಕರ್, ಹಿಂದೆ '16 ಓಮ್ಸ್' ಅಂತ ಅಚ್ಚುಕಟ್ಟಾದ ಸ್ಟಿಕ್ಕರ್. (ಓಮ್ಸ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಆಂಪಿನ ಜಾಕಿಗೂ ಬಾಕ್ಸಿಗೂ ಅದು ಹೊಂದಬೇಕು.) ಹೆಡ್ಡಿನ ಹಿಂದೆಯೂ 16ರ ಜಾಕ್ ಇತ್ತು. ಸಿಕ್ಕಿಸಿದೆ. ಹೆಣ್ಣು ಗಂಡು ಜಾತಕ ಕೂಡಿಬಂತು ಅಂದುಕೊಂಡೆ.

ಸೌಂಡ್ ಯಾಕೋ ತೆಳ್ಳಗಿತ್ತು. ಬೇಸ್ ಇಲ್ಲವೇ ಇಲ್ಲ, ಡಬ್ಬದೊಳಗೆ ನುಡಿಸಿದ ಹಾಗೆ. ಹಾಗಾಗಿ ವಾಲ್ಯೂಮ್ ಇನ್ನಷ್ಟು ಏರಿಸಿದೆ. ಮೂರನೇ ಪ್ರಾಕ್ಟೀಸಿನಲ್ಲಿ ಬಿಸಿ ಧೂಳಿನ ವಾಸನೆ ಬಂತು, ಆಮೇಲೆ ಟಪ್ ಅಂತ ಎಲ್ಲ ನಿಂತಿತು. ಫ್ಯೂಸ್ ಹೋಗಿತ್ತು. ಕಾರ್ಯಕ್ರಮಕ್ಕೆ ಇನ್ನು ಐದು ದಿನ. ಮೈಕ್‌ಸೆಟ್ ಹುಡುಗನೊಬ್ಬ ಫ್ಯೂಸಿಗೆ ತಂತಿ ಸುತ್ತಿ ಹಾಕೋಣ ಅಣ್ಣ ಅಂದ. ಸತ್ಯ ಹೇಳಬೇಕು, ನಾನು ಒಪ್ಪಿಕೊಳ್ಳುವುದರಲ್ಲಿದ್ದೆ. ನಮ್ಮ ತಬಲಾದವರು ತಡೆದು ಈ ಗಲ್ಲಿಗೆ ಕರೆದುಕೊಂಡು ಬಂದರು.

ಯಜಮಾನರು ಹೆಡ್ಡನ್ನು ನೋಡಲೇ ಇಲ್ಲ. "ಬಾಕ್ಸ್ ಎಲ್ಲಿ ಸ್ವಾಮಿ?" ಅಂದರು. ಮನೆಯಲ್ಲಿದೆ ಅಂದೆ. "ಹೆಣ್ಣು ತೋರಿಸದೇ ಮದುವೆ ಮಾತಾಡ್ತೀರಲ್ಲ. ಹೋಗಿ ತಗೊಂಡ್ ಬನ್ನಿ. ಎರಡಕ್ಕೂ ಮಧ್ಯೆ ಹಾಕ್ತಿದ್ದ ವೈರೂ ಬೇಕು." ಎಸ್.ಎಸ್. ಪುರಂಗೆ ವಾಪಸ್ ಹೋಗಿ ಆಟೋದಲ್ಲಿ ಬಾಕ್ಸ್ ತಂದೆ.

ಮೊದಲು ಸಿಕ್ಕಿಬಿದ್ದದ್ದು ವೈರು. ನಾನು ಹಾಕಿದ್ದು ಗಿಟಾರಿನ ವೈರೇ. ಎರಡೂ ತುದಿಯ ಪಿನ್ ಒಂದೇ ಥರ ಇರುತ್ತದಲ್ಲ, ಯಾವುದಾದರೇನು ಅಂದುಕೊಂಡಿದ್ದೆ. ಅವರು ಪಿನ್ ಬಿಚ್ಚಿ ತೋರಿಸಿದರು. ಒಳಗೆ ಕೂದಲಿನಂಥ ಒಂದು ಎಳೆ, ಅದರ ಸುತ್ತ ಜಾಲರಿ. ಗಿಟಾರಿನಿಂದ ಬರುವ ಚೂರು ಸಿಗ್ನಲ್‌ಗೆ ಅದು ಸಾಕು. ಸ್ಪೀಕರಿಗೆ ಹೋಗುವ ಕರೆಂಟು ಆ ಎಳೆಯಲ್ಲಿ ಹರಿದರೆ ಅದೇ ಬಿಸಿಯಾಗುತ್ತದೆ, ಕಡಿದೂ ಹೋಗಬಹುದು. ಕಡಿದರೆ ಆಂಪಿಗೆ ಸ್ಪೀಕರೇ ಇಲ್ಲದ ಹಾಗೆ. "ಬೋರ್‌ವೆಲ್ ಮೋಟ್ರು ನೀರಿಲ್ದೆ ಓಡಿದ್ರೆ ಏನಾಗುತ್ತೆ? ವಾಲ್ವ್ ಆಂಪೂ ಸ್ಪೀಕರ್ ಇಲ್ದೆ ನುಡಿಸಿದ್ರೆ ಅದೇ ಕತೆ. ವಾಲ್ವಿಗೂ ಸ್ಪೀಕರಿಗೂ ಮಧ್ಯೆ ಇರೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಾಯಿಲ್ ಒಳಗೇ ಕಿಡಿ ಹಾರುತ್ತೆ." ನಮ್ಮ ತೋಟದಲ್ಲಿ ಎರಡು ಮೋಟಾರ್ ಸುಟ್ಟಿವೆ. ಆ ಮಾತು ಸೀದಾ ಎದೆಗೆ ನಾಟಿತು.

ಆಮೇಲೆ ಮೀಟರ್ ತೆಗೆದು ಬಾಕ್ಸಿನ ಜಾಕಿಗೆ ಇಟ್ಟರು. 3.3 ಓಮ್ಸ್ ಬಂತು. ಸ್ಟಿಕ್ಕರ್ ಕಡೆ ನೋಡಿದರು, ನನ್ನ ಕಡೆ ನೋಡಿದರು, ಏನೂ ಹೇಳದೆ ಹಿಂದಿನ ಹಲಗೆಯ ಸ್ಕ್ರೂ ಬಿಚ್ಚತೊಡಗಿದರು. ಒಂದೊಂದೇ ಸ್ಪೀಕರ್ ಬಿಡಿಸಿ ಅಳೆದಾಗ 6.6. ಮೀಟರಿನಲ್ಲಿ ಬರುವ ಅಂಕಿ ಯಾವಾಗಲೂ ಸ್ಪೀಕರ್ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಕಮ್ಮಿ ಇರುತ್ತದೆಯಂತೆ. ಆರೂವರೆ ಆಸುಪಾಸು ತೋರಿಸಿದರೆ 8 ಓಮ್ಸ್ ಸ್ಪೀಕರು, 13ರ ಹತ್ತಿರ ಬಂದರೆ 16. ಕಂಪನಿಯವರು ಎರಡು 8ನ್ನು ಒಂದರ ಹಿಂದೊಂದು, ಅಂದರೆ ಸೀರೀಸ್‌ನಲ್ಲಿ ಜೋಡಿಸಿ 16 ಮಾಡಿ ಸ್ಟಿಕ್ಕರ್ ಹಾಕಿದ್ದರು. ನಡುವೆ ಯಾರೋ ಅಕ್ಕಪಕ್ಕ, ಅಂದರೆ ಪ್ಯಾರಲಲ್ ಮಾಡಿ 4ಕ್ಕೆ ಇಳಿಸಿದ್ದಾರೆ. ಸ್ಟಿಕ್ಕರ್ ಮಾತ್ರ ಹಾಗೇ ಉಳಿದಿದೆ. ಮಾರಿದವರಿಗೆ ಗೊತ್ತಿತ್ತೋ ಇಲ್ಲವೋ, ಈಗ ಅವರು ಫೋನಿಗೆ ಸಿಗುತ್ತಿಲ್ಲ.

ನನ್ನ ಹೆಡ್ಡಿನಲ್ಲಿ 16 ಮತ್ತು 8ರ ಜಾಕ್ ಮಾತ್ರ ಇದೆ, 4 ಇಲ್ಲ. 16ರ ಜಾಕಿಗೆ 4ರ ಬಾಕ್ಸ್ ಹಾಕಿದರೆ ವಾಲ್ವುಗಳಿಗೆ ಸಿಗಬೇಕಾದ ಲೋಡು, ಅಂದರೆ ಎದುರಿನ ತಡೆ, ಕಾಲು ಭಾಗಕ್ಕೆ ಇಳಿಯುತ್ತದೆ. ಜಾಸ್ತಿ ಕರೆಂಟ್ ಎಳೆದುಕೊಂಡು ಒಳಗೊಳಗೇ ಬೇಯುತ್ತವೆ. ದೇವರಾಯನದುರ್ಗದ ಏರಿನಲ್ಲಿ ಗೇರ್ ಬದಲಿಸದೆ ಹೋದ ಹಾಗೆ, ಅಂದರು. ಎರಡು ಇಎಲ್34 ವಾಲ್ವುಗಳಲ್ಲಿ ಒಂದು ಶಾರ್ಟ್ ಆಗಿತ್ತು. "ಇದ್ರಿಂದಲೇ ಹೋಯ್ತು ಅಂತ ಹೇಳಲ್ಲ, ಹಳೇದಾಗಿತ್ತು. ಆದ್ರೆ ಬದುಕೋಕೆ ನೀವೂ ಬಿಟ್ಟಿಲ್ಲ."

ಸರಿ, ಬೇಸ್ ಯಾಕೆ ಇರಲಿಲ್ಲ? ಇದು ನನಗೆ ಬಹಳ ಇಷ್ಟವಾದ ಭಾಗ. 9 ವೋಲ್ಟ್ ಬ್ಯಾಟರಿಯನ್ನು ಒಂದು ಸ್ಪೀಕರಿಗೆ ಒಂದು ಕ್ಷಣ ಮುಟ್ಟಿಸಿದರು. ಕೋನ್ (ಸ್ಪೀಕರಿನ ಕಾಗದದ ಪರದೆ) ಹೊರಗೆ ಉಬ್ಬಿತು. ಅದೇ ಬಣ್ಣದ ವೈರ್ ಹಿಡಿದು ಇನ್ನೊಂದಕ್ಕೆ ಮುಟ್ಟಿಸಿದರು. ಅದು ಒಳಗೆ ಹೋಯಿತು. ಒಂದು ಗಾಳಿ ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತಿತ್ತು. ಬೇಸ್ ಎಲ್ಲಿಂದ ಬರಬೇಕು? ಪ್ಲಸ್ಸು ಮೈನಸ್ಸು ಸರಿ ಮಾಡಿ, ಎರಡನ್ನೂ ಸೀರೀಸ್‌ಗೆ ಹಾಕಿ ಬೆಸುಗೆ ಇಟ್ಟರು. ಮತ್ತೆ ಮೀಟರ್: 13.2.

ಹೆಡ್ ಬಿಚ್ಚಿದ್ದು ಆಮೇಲೆ. ಪ್ಲಗ್ ತೆಗೆದಿದ್ದರೂ ಕಂಡೆನ್ಸರ್‌ಗಳಲ್ಲಿ ನೂರಾರು ವೋಲ್ಟ್ ಕೂತಿರಬಹುದು, ಹತ್ತಿರ ಬರಬೇಡಿ ಅಂದರು. ಒಳಗೆ ಮೀಟರ್ ಇಡುವಾಗಲೆಲ್ಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಎರಡೂ ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ದಾಟುತ್ತದೆ ಅಂತ. ನೀವಂತೂ ಮನೆಯಲ್ಲಿ ಇದನ್ನು ಬಿಚ್ಚಲೇಬೇಡಿ.

ಬೆಂಗಳೂರಿಂದ ವಾಲ್ವ್ ಜೋಡಿ ಬಂದದ್ದು ಮೂರನೇ ದಿನ. ಹಾಕಿ, ಬಾಕ್ಸ್ ಸಿಕ್ಕಿಸಿ, ಹಲಗೆಗೆ ಹೊಡೆದಿರುವ 100 ವ್ಯಾಟ್ ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಟ್ಟರು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆಂಪ್ ಉಳಿಯುತ್ತದೆ. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಆಗ ಮೊದಲ ಸಲ ಯಜಮಾನರು ಟೀ ಹೇಳಿದರು.

ನಮ್ಮ ಕೀಬೋರ್ಡ್‌ನವನ ಟ್ರಾನ್ಸಿಸ್ಟರ್ ಆಂಪಿನ ಬಗ್ಗೆಯೂ ಕೇಳಿದೆ. ಅದರ ಲೆಕ್ಕವೇ ಬೇರೆ. ಹಿಂದೆ ಕನಿಷ್ಠ 4 ಓಮ್ಸ್ ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಯಬಾರದು, ಅಷ್ಟೆ. 8 ಹಾಕಿದರೆ ಸೌಂಡ್ ಸ್ವಲ್ಪ ಕಮ್ಮಿ, ಆಂಪಿಗೆ ಏನೂ ಆಗುವುದಿಲ್ಲ. 8ರ ಎರಡು ಬಾಕ್ಸ್ ಪ್ಯಾರಲಲ್ ಆದರೆ 4, ಅಲ್ಲಿಗೆ ನಿಲ್ಲಿಸಬೇಕು. ಮೂರನೇ ಬಾಕ್ಸ್ ಸೇರಿಸಿದರೆ ಮೂರಕ್ಕಿಂತ ಕೆಳಗೆ ಹೋಯಿತು. ವ್ಯಾಟ್ ವಿಷಯಕ್ಕೆ ಬಂದರೆ, ಬಾಕ್ಸ್ ತಡೆಯುವ ವ್ಯಾಟ್ ಆಂಪಿನದ್ದಕ್ಕಿಂತ ಜಾಸ್ತಿ ಇರಲಿ, ಎರಡರಷ್ಟಿದ್ದರೆ ನಿಶ್ಚಿಂತೆ ಅಂದರು.

ಖರ್ಚು: ವಾಲ್ವ್ ಜೋಡಿ 6,800, ದಪ್ಪ ಎಳೆಯ ಹೊಸ ಸ್ಪೀಕರ್ ವೈರ್ 250, ಕೂಲಿ 900 ರೂಪಾಯಿ. ಕೂಲಿ ಕಮ್ಮಿಯೇ ಆಯಿತು ಅನ್ನಿಸಿತು. ಇನ್ನೂರು ಜಾಸ್ತಿ ಕೊಡಲು ಹೋಗಿ ಬೈಸಿಕೊಂಡೆ.

ದೂರುಗಳೂ ಇವೆ. ಬಿಲ್ ಕೊಡುವುದಿಲ್ಲ. ಫೋನ್ ಎತ್ತುವುದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಷಟರ್ ಪೂರ್ತಿ ಕೆಳಗೆ. 'ನಾಳೆ' ಅಂದರೆ ನಾಡಿದ್ದು. ಕೂರಲು ಸ್ಟೂಲ್ ಒಂದೇ ಇದೆ, ಅದರ ಮೇಲೂ ಯಾರದ್ದೋ ಮಿಕ್ಸಿ. ಅವಸರ ಮಾಡಿದರೆ ಬೇರೆ ಕಡೆ ತೋರಿಸಿ ಅಂತ ನಿಮ್ಮ ಸಾಮಾನನ್ನು ನಿಮ್ಮ ಕೈಗೇ ಕೊಡುತ್ತಾರೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ಹೋಗುವವರು ಬೆಳಗ್ಗೆ ಹತ್ತೂವರೆಗೆ ಹೋಗಿ. ಹೆಡ್, ಬಾಕ್ಸ್, ವೈರ್ ಮೂರನ್ನೂ ಒಟ್ಟಿಗೆ ಒಯ್ಯಿರಿ, ಇಲ್ಲದಿದ್ದರೆ ಎರಡು ಸಲ ಆಟೋ ದುಡ್ಡು. ನನ್ನ ಬಾಕ್ಸಿನ ಹಳೇ ಸ್ಟಿಕ್ಕರನ್ನು ಯಜಮಾನರು ಕೆರೆದು ತೆಗೆದು, ಮಾರ್ಕರ್‌ನಲ್ಲಿ '16 — ನೋಡಿದ್ದೇನೆ' ಅಂತ ಬರೆದು ಕೆಳಗೆ ತಾರೀಕು ಹಾಕಿ ಕೊಟ್ಟಿದ್ದಾರೆ.