ಥರ್ಮಕೋಲ್ ರೆಕ್ಕೆಗೆ ಬಲ ಕೊಡಲು ಯಾವುದು ಸರಿ: ಟೇಪೋ, ಕಾರ್ಬನ್ ಟ್ಯೂಬೋ, ಬಿದಿರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿದಿರಿಗೆ. ಕಾರ್ಬನ್ ಟ್ಯೂಬಿಗೆ (ಕಾರ್ಬನ್ ಎಳೆಯ ಗಟ್ಟಿ ಕೊಳವೆ) ದುಡ್ಡು ಸುರಿದು, ಒಂದು ವಿಮಾನವನ್ನೂ ಕಳೆದುಕೊಂಡ ಮೇಲೆ ಹೇಳುತ್ತಿರುವ ಮಾತು ಇದು.

ನನ್ನದು ಮನೆಯಲ್ಲೇ ಮಾಡಿದ ಆರ್‌ಸಿ ವಿಮಾನ, ಅಂದರೆ ರಿಮೋಟ್‌ನಲ್ಲಿ ಹಾರಿಸುವ ಪುಟ್ಟ ವಿಮಾನ. ಬಿಸಿ ತಂತಿಯಲ್ಲಿ ಕೊಯ್ದ ಥರ್ಮಕೋಲ್ ರೆಕ್ಕೆ, ತುದಿಯಿಂದ ತುದಿಗೆ 1200 ಮಿ.ಮೀ., ದಪ್ಪ ಇರುವ ಕಡೆ 25 ಮಿ.ಮೀ. ಬ್ಯಾಟರಿ ಸೇರಿ ತೂಕ 900 ಗ್ರಾಂ. ಸುಮ್ನೆ ನೇರ ಹಾರಿದರೆ ರೆಕ್ಕೆ ಹೊರುವುದು ಅಷ್ಟೇ. ಡೈವ್ ಹೊಡೆದು ಮೇಲಕ್ಕೆ ಎಳೆದಾಗ 4 ಜಿ, ಅಂದರೆ ತೂಕದ ನಾಲ್ಕು ಪಟ್ಟು ಭಾರ, ಬಂತು ಅನ್ನಿ, ಆಗ ಅದೇ ರೆಕ್ಕೆ 3.6 ಕೆ.ಜಿ. ಹೊರಬೇಕು. ಬರೀ ಥರ್ಮಕೋಲ್‌ಗೆ ಅದು ಆಗದ ಕೆಲಸ.

ಮೊದಲು ಹಾಕಿದ್ದು ಗಾಜಿನ ಎಳೆ ಇರುವ ಪ್ಯಾಕಿಂಗ್ ಟೇಪ್, ರೆಕ್ಕೆಯ ಅಡಿಗೆ. ಎಳೆದರೆ ಜಗ್ಗುವುದಿಲ್ಲ, ಆದರೆ ಒತ್ತಿದರೆ ಮಡಚಿಕೊಳ್ಳುತ್ತದೆ. ಹಾರುವಾಗ ರೆಕ್ಕೆಯ ಅಡಿಭಾಗ ಎಳೆತಕ್ಕೆ ಸಿಗುತ್ತದೆ, ಮೇಲ್ಭಾಗ ಒತ್ತಡಕ್ಕೆ. ಹಾಗಾಗಿ ಅಡಿ ಗಟ್ಟಿಯಾಗಿತ್ತು, ಮೇಲೆ ಮಾತ್ರ ನಡುವಿನಲ್ಲಿ ನೆರಿಗೆ ಬಿತ್ತು. ನಿಧಾನಕ್ಕೆ ಹಾರಿಸುವವರಿಗೆ ಇದೇ ಸಾಕು.

ಆಮೇಲೆ ಆನ್‌ಲೈನ್‌ನಲ್ಲಿ 6 ಮಿ.ಮೀ. ಕಾರ್ಬನ್ ಟ್ಯೂಬ್ ತರಿಸಿದೆ. ಒಂದು ಮೀಟರಿಗೆ 380 ರೂಪಾಯಿ. ರೆಕ್ಕೆಯ ಅಡಿಯಲ್ಲಿ ಉದ್ದಕ್ಕೆ ಸೀಳು ಕೊಯ್ದು, ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಅಂಟು) ತುಂಬಿ, ಟ್ಯೂಬ್ ಕೂರಿಸಿದೆ. ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರೆ ಅಲ್ಲಾಡಲಿಲ್ಲ. ತುಂಬಾ ಖುಷಿಯಾಗಿತ್ತು.

ಐದನೇ ಹಾರಾಟದಲ್ಲಿ ಡೈವ್‌ನಿಂದ ಮೇಲೆತ್ತಿದೆ. ಚಟ್ ಅಂತ ಒಂದು ಸದ್ದು, ಎರಡೂ ರೆಕ್ಕೆ ಚಪ್ಪಾಳೆ ತಟ್ಟಿದ ಹಾಗೆ ಮೇಲಕ್ಕೆ ಮಡಚಿದವು. ವಿಮಾನ ಕಲ್ಲಿನ ಹಾಗೆ ನೆಲಕ್ಕೆ ಬಿತ್ತು. ಮೋಟಾರ್ ಶಾಫ್ಟ್ ಸೊಟ್ಟಗಾಗಿತ್ತು, ಎರಡು ಸರ್ವೋ (ವಿಮಾನ ತಿರುಗಿಸುವ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ಹಾಳು.

ಹತ್ತಿರ ಹೋಗಿ ನೋಡಿದರೆ ಟ್ಯೂಬ್ ಮುರಿದೇ ಇರಲಿಲ್ಲ! ಎರಡು ಬೆರಳಲ್ಲಿ ಎಳೆದರೆ ಸಲೀಸಾಗಿ ಕೈಗೆ ಬಂತು. ಅಂಟೆಲ್ಲ ಥರ್ಮಕೋಲ್‌ನಲ್ಲೇ ಉಳಿದಿತ್ತು, ಒಳಗೆ ಗಾಜಿನಷ್ಟು ನುಣುಪಾದ ಅಚ್ಚು ಬೇರೆ ಮೂಡಿತ್ತು. ಟ್ಯೂಬಿನ ಹೊರಮೈ ಅಷ್ಟು ನಯ, ಎಪಾಕ್ಸಿಗೆ ಹಿಡಿತವೇ ಸಿಕ್ಕಿಲ್ಲ. ರೆಕ್ಕೆ ಮೇಲಕ್ಕೆ ಬಾಗಿದಾಗ ಟ್ಯೂಬ್ ಬಾಗದೆ ನೆಟ್ಟಗೇ ನಿಂತು, ತುದಿಗಳಿಂದ ಸೀಳು ಬಿಟ್ಟು ಕೆಳಕ್ಕೆ ಕಿತ್ತುಬಂದಿದೆ. ಕೂರಿಸುವ ಮೊದಲು ಮರಳು ಕಾಗದದಲ್ಲಿ ಉದ್ದಕ್ಕೂ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಬೇಕಿತ್ತು. ಟ್ಯೂಬಿನ ಜೊತೆ ಬಂದ ಚೀಟಿಯಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಬೇಗ ಆಗಲಿ ಅಂತ ಸೂಪರ್ ಗ್ಲೂ ಹಾಕೋಣ ಅಂದರೆ ಅದು ಥರ್ಮಕೋಲನ್ನೇ ಕರಗಿಸಿಬಿಡುತ್ತದೆ.

ಎರಡನೇ ರೆಕ್ಕೆಗೆ ಉಜ್ಜಿಯೇ ಅಂಟಿಸಿದೆ, ಹಿಡಿಯಿತು. ಆದರೆ ಆ ಕಪ್ಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಕಾಗದ ಒದ್ದೆ ಮಾಡಿಕೊಂಡು ಉಜ್ಜಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದರೆ ಉದ್ದಕ್ಕೆ ಸೀಳುತ್ತದೆ, ಸಣ್ಣ ಹಲ್ಲಿನ ಗರಗಸವೇ ಬೇಕು. ಕಾರ್ಬನ್ ರಿಮೋಟಿನ 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೂ ಅಡ್ಡ ಬರುತ್ತದೆ, ರಿಸೀವರ್ ಆಂಟೆನಾ ದೂರ ಇಡಬೇಕು.

ಈಗ ಬಿದಿರು. ಮೇದಾರರ ಹತ್ತಿರ ಕೇಳಿದಾಗ ಅಲ್ಲಿದ್ದ ಅಜ್ಜ, "ಹಸೀದು ಬೇಡ ಕಣಪ್ಪ, ಒಣಗಿದ್ದೇ ತಗೊಂಡೋಗು" ಅಂದು ಆರು ಸೀಳು ಕೊಟ್ಟರು. ಎಲ್ಲ ಸೇರಿ 60 ರೂಪಾಯಿ. 6 ಮಿ.ಮೀ. ಅಗಲ, 3 ಮಿ.ಮೀ. ದಪ್ಪಕ್ಕೆ ಚಾಕುವಿನಲ್ಲಿ ಹೆರೆದು, ರೆಕ್ಕೆಯ ಮೇಲೊಂದು, ಅದರ ನೇರಕ್ಕೆ ಕೆಳಗೊಂದು ಕೂರಿಸಿದೆ. ಎರಡೂ ಸೇರಿ ಆ ಟ್ಯೂಬಿನಷ್ಟೇ ತೂಕ. ಗಟ್ಟಿತನ ಮಾತ್ರ ಎಷ್ಟೋ ಜಾಸ್ತಿ, ಯಾಕೆಂದರೆ ಪಟ್ಟಿಗಳ ನಡುವಿನ ಅಂತರ ದೊಡ್ಡದು. ಅದೇ ಅಂತರದಲ್ಲಿ ಎರಡು ಕಾರ್ಬನ್ ಪಟ್ಟಿ ಹಾಕಿದರೆ ಇನ್ನೂ ಗಟ್ಟಿ, ನಿಜ. ಆದರೆ ಅದು ನನ್ನ ಬಜೆಟ್ಟಿನದಲ್ಲ.

ಬಿದಿರಿನ ಸಿಪ್ಪೆ ಹೆರೆಯಬೇಡಿ, ಗಟ್ಟಿ ನಾರೆಲ್ಲ ಅದರ ಹತ್ತಿರವೇ ಇರುವುದು. ಸಿಪ್ಪೆಯ ಮೇಲೆ ಮೇಣದಂಥ ನಯ ಇರುತ್ತದೆ, ಅಲ್ಲಿ ಅಂಟು ನಿಲ್ಲದು. ಹಾಗಾಗಿ ಸಿಪ್ಪೆ ಹೊರಗೆ, ಒಳಮೈ ಅಂಟಿಗೆ. ಗಿಣ್ಣು ಇರುವ ಜಾಗದಲ್ಲಿ ನಾರು ಸೊಟ್ಟಗೆ ಓಡುತ್ತದೆ, ಅದು ರೆಕ್ಕೆಯ ನಡುವಿಗೆ ಬರದ ಹಾಗೆ ನೋಡಿಕೊಳ್ಳಿ. ಮೇಲಿನ ಗಿಣ್ಣೂ ಕೆಳಗಿನ ಗಿಣ್ಣೂ ಎದುರುಬದುರಾಗಬಾರದು. ಮಳೆಗಾಲಕ್ಕೆ ಒಂದು ಕೈ ವಾರ್ನಿಷ್. ರೆಕ್ಕೆ ತಿರುಚದಿರಲಿ ಅಂತ ಮೇಲೂ ಕೆಳಗೂ 45 ಡಿಗ್ರಿಯಲ್ಲಿ ಅದೇ ಹಳೆಯ ಟೇಪನ್ನು ಅಡ್ಡಡ್ಡ ಹಾಕಿದೆ.

ಎರಡು ಮೀಟರ್ ಗ್ಲೈಡರ್ ಮಾಡುವವರು, ವೇಗದ ಹುಚ್ಚಿರುವವರು ಕಾರ್ಬನ್‌ಗೇ ಹೋಗಲಿ. ನಾನು ಭಾನುವಾರ ಬೆಳಿಗ್ಗೆ ಹಾರಿಸುವವನು, ತಿಂಗಳಿಗೊಮ್ಮೆ ಬೀಳಿಸುವವನು. ಹೋದ ತಿಂಗಳು ಹುಣಸೆ ಮರಕ್ಕೆ ಹೊಡೆಯಿತು. ಕೆಳಗಿನ ಪಟ್ಟಿ ಸೀಳಿತು, ಎರಡು ತುಂಡಾಗಲಿಲ್ಲ. ಅಲ್ಲೇ ನೆರಳಲ್ಲಿ ಕೂತು ಪಕ್ಕಕ್ಕೊಂದು ಬಿದಿರು ಚೂರು ಕೊಟ್ಟು, ದಾರ ಸುತ್ತಿ, ಐದು ನಿಮಿಷದ ಎಪಾಕ್ಸಿ ಹಚ್ಚಿದೆ. ಒಂದು ಗಂಟೆ ಬಿಟ್ಟು ಅದೇ ರೆಕ್ಕೆಯಲ್ಲಿ ಮತ್ತೆ ಹಾರಿಸಿದೆ.