ಹಳೆ ಈಕೋ ವ್ಯಾನಿನ ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್: ಉಡುಪಿ ಕಡೆಯ ಒಂದು ಗ್ಯಾರೇಜಿನ ಕೆಲಸ

ಕೋಟಿಂಗ್ ಮಾಡಿಸಿದ್ದು ದಂಡ ಆಯ್ತಾ, ಸಾರ್ಥಕ ಆಯ್ತಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸಾರ್ಥಕ ಆಯ್ತು. ಆದರೆ ಕೊಟ್ಟ ದುಡ್ಡು ವಸೂಲಾಗಿದ್ದು ಆ ಕಪ್ಪು ಕೋಟಿಂಗಿನಿಂದ ಅಲ್ಲ. ಅದಕ್ಕೂ ಮೊದಲು ತೊಳೆದು, ಕೆರೆದು, ಒಣಗಿಸಿದ್ದರಿಂದ. ಇದು ಗೊತ್ತಿದ್ದರೆ ಗ್ಯಾರೇಜ್ ಆರಿಸುವುದು ಸುಲಭ.

ಗಾಡಿ ಮಾರುತಿ ಈಕೋ, 2014ರ ಮಾಡೆಲ್, ಕೆಎ 20 ನಂಬರ್. ನಮ್ಮದು ಮೈಕ್ ಮತ್ತು ಲೈಟಿಂಗ್ಸ್ ಕೆಲಸ, ಸಾಮಾನು ಸಾಗಿಸಲಿಕ್ಕೆ ಅಂತ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಎಂಜಿನ್ ಚೆನ್ನಾಗಿದೆ, ಮೇಲಿನ ಪೇಂಟೂ ಪರವಾಗಿಲ್ಲ. ಹಿಂದಿನ ಮಾಲೀಕರು ಮಲ್ಪೆ ಬಂದರಿನಿಂದ ಮೀನಿನ ಪೆಟ್ಟಿಗೆ ಸಾಗಿಸುತ್ತಿದ್ದರು. ಅದನ್ನು ಮುಚ್ಚಿಡದೆ ಹೇಳಿಯೇ ಮಾರಿದರು, ರೇಟೂ ಅದಕ್ಕೆ ತಕ್ಕ ಹಾಗೆ ಕಡಿಮೆ ಮಾಡಿದರು. ಹಾಗಾಗಿ ಅಡಿ ರಿಪೇರಿಗೆ ದುಡ್ಡು ಎತ್ತಿಟ್ಟುಕೊಂಡೇ ಗಾಡಿ ತಂದೆ.

ಮೀನಿನ ಗಾಡಿ ಅಂದರೆ ಉಪ್ಪು ಎರಡೂ ಕಡೆಯಿಂದ ತಿನ್ನುತ್ತದೆ. ಐಸ್ ಕರಗಿದ ಉಪ್ಪುನೀರು ಮ್ಯಾಟಿನ ಅಡಿಗೆ ಇಳಿದು ಫ್ಲೋರನ್ನು ಮೇಲಿಂದ ತಿನ್ನುತ್ತೆ. ರಸ್ತೆಯ ಕೆಸರು, ಸಮುದ್ರದ ಗಾಳಿ, ಮುಂದೆ ಹೋಗುವ ಮೀನಿನ ಲಾರಿಯಿಂದ ಹೆದ್ದಾರಿಗೆ ಸುರಿಯುವ ನೀರು, ಇವೆಲ್ಲ ಕೆಳಗಿಂದ. ಉಪ್ಪಿನ ಕೆಟ್ಟ ಗುಣ ಏನೆಂದರೆ ಅದು ಗಾಳಿಯ ತೇವವನ್ನೇ ಹೀರಿಕೊಂಡು ಕಬ್ಬಿಣವನ್ನು ಒದ್ದೆಯಾಗಿಯೇ ಇಡುತ್ತದೆ, ಅಂದರೆ ಮಳೆ ಇಲ್ಲದ ದಿನವೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೇರೆ. ಘಟ್ಟದ ಮೇಲೆ, ಹುಬ್ಬಳ್ಳಿ ದಾವಣಗೆರೆ ಕಡೆ ಓಡಿದ ಅದೇ ವಯಸ್ಸಿನ ಗಾಡಿಯ ಅಡಿ ನೋಡಿ, ಇಲ್ಲಿಯದನ್ನೂ ನೋಡಿ. ಅಜಗಜಾಂತರ.

ಮೊದಲು ವಿಚಾರಿಸಿದ ಒಂದು ಕಡೆ ₹3,500 ಹೇಳಿದರು. ಬೆಳಿಗ್ಗೆ ಬಿಟ್ಟರೆ ಸಂಜೆ ಗಾಡಿ ರೆಡಿ, ಜೊತೆಗೆ 5 ವರ್ಷದ ವಾರಂಟಿ ಕಾರ್ಡ್. ಹೇಗೆ ಮಾಡ್ತೀರಿ ಅಂತ ಕೇಳಿದೆ. ವಾಟರ್ ಸರ್ವಿಸ್ ಮಾಡಿ, ಗಾಳಿ ಹೊಡೆದು, ಮಧ್ಯಾಹ್ನವೇ ಕೋಟಿಂಗ್ ಸ್ಪ್ರೇ. ಕಾರ್ಡ್ ತಿರುಗಿಸಿ ಓದಿದರೆ, ಮೊದಲೇ ತುಕ್ಕು ಇರುವ ಜಾಗಕ್ಕೆ ವಾರಂಟಿ ಇಲ್ಲ ಅಂತ ಬರೆದಿತ್ತು. ಹಳೆ ಗಾಡಿಯಲ್ಲಿ ತುಕ್ಕಿಲ್ಲದ ಜಾಗ ಎಲ್ಲಿಂದ ತರೋದು? ಅಲ್ಲಿಂದ ಹಾಗೇ ವಾಪಸ್ ಬಂದೆ.

ಆಮೇಲೆ ಸಿಕ್ಕಿದ್ದು ಬ್ರಹ್ಮಾವರದ ಕಡೆ ಇರುವ ಸಣ್ಣ ಗ್ಯಾರೇಜು. ಒಂದು ಲಿಫ್ಟ್, ಒಂದು ಪಿಟ್, ಮೂರ್ನಾಲ್ಕು ಜನ ಹುಡುಗರು. ಮೇಸ್ತ್ರಿ ರೇಟ್ ಹೇಳುವ ಮೊದಲು ಗಾಡಿ ಲಿಫ್ಟಿಗೆ ಹಾಕಿಸಿ, ಸಣ್ಣ ಸುತ್ತಿಗೆ ಹಿಡಿದು ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ತಗಡು ಟಣ್ ಅನ್ನುತ್ತದೆ. ಡ್ರೈವರ್ ಸೀಟಿನ ಹಿಂದೆ, ಜಾರುವ ಬಾಗಿಲಿನ ಕೆಳಗಿನ ಹಳಿಯ ಹತ್ತಿರ ಬಂದಾಗ ಶಬ್ದ ಡಬ್ ಅಂತ ಸತ್ತುಹೋಯಿತು. ಇನ್ನೊಂದು ಪೆಟ್ಟಿಗೆ ಅಂಗೈಯಗಲದ ತುಕ್ಕಿನ ಹೊಪ್ಪಳೆ ಕೆಳಗೆ ಬಿತ್ತು. ಪದರ ಪದರವಾಗಿತ್ತು, ಬೆರಳಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದರ ಹಿಂದೆ ತಗಡೇ ಇರಲಿಲ್ಲ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಹಿಡಿಯುತ್ತದೆ, ಹಾಗಾಗಿ ಹೊರಗಿನಿಂದ ದಪ್ಪ ಕಾಣುವ ಕಡೆಯೇ ಒಳಗೆ ಟೊಳ್ಳು. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಒಂದು ಕಡೆ ಆಯಸ್ಕಾಂತ ಇಟ್ಟು ತೋರಿಸಿದರು, ಹಿಡಿಯಲಿಲ್ಲ. ಯಾರೋ ಯಾವಾಗಲೋ ತೂತಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ದರು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರು ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡು ಹೋಗಿ, ಖಂಡಿತ.

"ಒಂದೇ ದಿನದಲ್ಲಿ ಕೊಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಒದ್ದೆ ಕಬ್ಬಿಣಕ್ಕೆ ಟಾರ್ ಬಳಿದು ಎಂತ ಪ್ರಯೋಜನ? ಗಾಡಿ ಬಿಟ್ಟು ಹೋಗಿ" ಅಂದರು. ನಾನು ಒಪ್ಪಿದ್ದೇ ಈ ಮಾತಿಗೆ.

ತೊಳೆದ ರೀತಿ ನೋಡಿ ಖುಷಿಯಾಯಿತು. ಮೊದಲು ಚಕ್ರ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಎಲ್ಲ ಬಿಚ್ಚಿದರು. ಅದರ ಹಿಂದೆ ಗಟ್ಟಿಯಾಗಿ ಕೂತಿದ್ದ ಮಣ್ಣು ಕೈಯಲ್ಲಿ ಎತ್ತಿ ಹಾಕುವಷ್ಟಿತ್ತು. ಗೇರ್‌ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್ ಸುತ್ತಲಿನ ಜಿಡ್ಡಿಗೆ ಡಿಗ್ರೀಸರ್ ಹೊಡೆದು ನೆನೆಯಲು ಬಿಟ್ಟರು. ಆಮೇಲೆ ಪ್ರೆಶರ್ ನೀರು. ಚಾಸಿ ಪೆಟ್ಟಿಗೆಗಳಿಗೆ, ಅಂದರೆ ಅಡಿಯಲ್ಲಿರುವ ಒಳಗೆ ಟೊಳ್ಳಾದ ತಗಡಿನ ಭಾಗಗಳಿಗೆ, ಮತ್ತು ಬಾಗಿಲಿನ ಕೆಳಗಿನ ಪಟ್ಟಿಗೆ ಕಂಪನಿಯವರೇ ಬಿಟ್ಟ ಸಣ್ಣ ತೂತುಗಳಿರುತ್ತವೆ, ಒಳಗೆ ಹೋದ ನೀರು ಇಳಿದು ಹೋಗಲಿ ಅಂತ. ಅವೆಲ್ಲ ಮಣ್ಣು ಕಟ್ಟಿ ಮುಚ್ಚಿದ್ದವು. ಒಂದೊಂದನ್ನೂ ತಂತಿ ಹಾಕಿ ಬಿಡಿಸಿ, ಒಳಗೆ ಪೈಪ್ ತೂರಿಸಿ ನೀರು ಬಿಟ್ಟರೆ ಮೊದಲು ಬಂದಿದ್ದು ಟೀ ಬಣ್ಣದ ನೀರು. ತಿಳಿ ಬರುವವರೆಗೂ ಬಿಟ್ಟರು. ಇದೇ ಮುಖ್ಯ. ಉಪ್ಪು ಒಳಗೇ ಉಳಿದರೆ ಮೇಲೆ ಎಂಥ ಕೋಟಿಂಗ್ ಹಾಕಿದರೂ ಅದರ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಹೋಗುತ್ತದೆ, ಮೇಲೆ ಕಪ್ಪಗೆ ಕಾಣುವುದರಿಂದ ನಮಗೆ ಗೊತ್ತೂ ಆಗುವುದಿಲ್ಲ.

ಕೆರೆಯಲು ಗ್ರೈಂಡರಿಗೆ ತಂತಿಯ ಕಪ್ ಬ್ರಷ್ ಹಾಕಿದ್ದರು, ಮೂಲೆಗಳಿಗೆ ಕೈ ಬ್ರಷ್ ಮತ್ತು ಎಮರಿ ಪೇಪರ್. ಪೆಟ್ರೋಲ್ ಟ್ಯಾಂಕಿನ ಹತ್ತಿರ ಮಾತ್ರ ಗ್ರೈಂಡರ್ ತರಲೇ ಇಲ್ಲ, ಅಲ್ಲೆಲ್ಲ ಕೈಯಲ್ಲೇ ಉಜ್ಜಿದರು. ಬ್ರೇಕ್ ಪೈಪ್ ಹಿಡಿದಿರುವ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ ನೋಡಿದರು, ಯಾಕೆಂದರೆ ಪೈಪ್ ತುಕ್ಕು ಹಿಡಿಯುವುದು ಆ ಕ್ಲಿಪ್ಪಿನ ಅಡಿಯಲ್ಲೇ. ಹಿಂದಿನ ಚಕ್ರಕ್ಕೆ ಹೋಗುವ ಒಂದು ಪೈಪನ್ನು ತುಕ್ಕು ಸಣ್ಣ ಸಣ್ಣ ಗುಳಿಯಾಗಿ ತಿಂದಿತ್ತು, ಅದನ್ನು ಬದಲಾಯಿಸಿ ಅಂದರು, ಬದಲಾಯಿಸಿದೆವು. ಗಾಡಿ ಸುಮ್ನೆ ತೊಳೆದು ಕಪ್ಪು ಬಳಿದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ. ಬ್ರೇಕ್ ವಿಷಯ, ಅದೂ ಕಾರ್ಕಳ ಕಡೆ ಇಳಿಜಾರಿನಲ್ಲಿ ಜನರೇಟರ್ ಹೇರಿಕೊಂಡು ಬರುವ ಗಾಡಿ.

ತೂತಾದ ಎರಡು ಕಡೆ ಹಳೆ ತಗಡು ಗಟ್ಟಿ ಸಿಗುವವರೆಗೆ ಕತ್ತರಿಸಿ ಹೊಸ ಪ್ಯಾಚ್ ಹಾಕಿ ವೆಲ್ಡ್ ಮಾಡಿದರು. ತಗಡು ಕೆಲಸ ಮಾಡುವ ಟಿಂಕರ್ ಬೇರೆ ಕಡೆಯಿಂದ ಬರಬೇಕಿತ್ತು, ಅಲ್ಲಿ ತಡವಾಯಿತು, ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ. ನಮಗೆ ಒಂದು ಮದುವೆ ಕಾರ್ಯಕ್ರಮಕ್ಕೆ ಬಾಡಿಗೆ ಗಾಡಿ ಮಾಡಬೇಕಾಯಿತು. ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು, ಅದನ್ನು ಅವರಿಗೂ ಹೇಳಿದ್ದೇನೆ.

ಒಣಗಲು ಬಿಟ್ಟಿದ್ದು ಏಪ್ರಿಲ್ ಬಿಸಿಲಿನಲ್ಲಿ. ಕಂಪ್ರೆಸರ್ ಗಾಳಿ ಹೊಡೆದರೂ ತಗಡಿನ ಜೋಡಣೆಗಳ ನಡುವೆ ನೀರು ನಿಂತಿರುತ್ತದೆ, ಅದು ತಾನಾಗಿಯೇ ಆರಬೇಕು.

ಆಮೇಲೆ ರಸ್ಟ್ ಕನ್ವರ್ಟರ್. ಎಷ್ಟೇ ಕೆರೆದರೂ ಗುಳಿಗಳ ಒಳಗೆ ಉಳಿಯುವ ತುಕ್ಕಿಗೆ ಇದು. ಬ್ರಷ್ಷಿನಲ್ಲಿ ಬಳಿದ ಸ್ವಲ್ಪ ಹೊತ್ತಿಗೆ ಕಂದು ಬಣ್ಣವೆಲ್ಲ ತಿರುಗಿ ನೀಲಿ ಮಿಶ್ರಿತ ಕಪ್ಪಾಯಿತು. ಇದರಲ್ಲಿರುವುದು ಟ್ಯಾನಿಕ್ ಆಮ್ಲ, ಅದು ತುಕ್ಕಿನ ಜೊತೆ ಸೇರಿ ಗಟ್ಟಿ ಕಪ್ಪು ಪದರವಾಗುತ್ತದೆ. ಹಿಂದಿನವರು ಅಳಲೆಕಾಯಿ ರಸಕ್ಕೆ ಕಬ್ಬಿಣ ಹಾಕಿ ಮಸಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ. ಇನ್ನೊಂದು ಬಗೆಯದು ಫಾಸ್ಫರಿಕ್ ಆಮ್ಲದ್ದು. ಯಾವುದಾದರೂ ಸರಿ, ಹೊಪ್ಪಳೆ ಎದ್ದ ತುಕ್ಕಿನ ಮೇಲೆ ಬಳಿದರೆ ನಿಲ್ಲುವುದಿಲ್ಲ, ಮೇಲಿನ ಪದರ ಮಾತ್ರ ಕಪ್ಪಾಗಿ ಮಳೆಗಾಲದಲ್ಲಿ ಅದರ ಸಮೇತ ಉದುರುತ್ತದೆ. ಹೊಸ ಪ್ಯಾಚಿಗೆ ಮತ್ತು ಬರಿ ತಗಡಿಗೆ ಎಪಾಕ್ಸಿ ಪ್ರೈಮರ್. ರೆಡ್ ಆಕ್ಸೈಡ್ ಸಾಕಲ್ವಾ ಅಂತ ಕೇಳಿದೆ. ರೆಡ್ ಆಕ್ಸೈಡ್ ಗೇಟಿಗೆ, ಗ್ರಿಲ್ಲಿಗೆ ಸರಿ, ಸದಾ ನೀರು ಎರಚುವ ಜಾಗಕ್ಕೆ ಬೇಡ ಅಂದರು.

ಕಪ್ಪು ಕೋಟಿಂಗಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ರಬ್ಬರ್ ಬೆರೆಸಿದ್ದು, ಚಕ್ರದ ಕಮಾನಿನ ಒಳಗೆ ಮತ್ತು ಫ್ಲೋರಿನ ಅಡಿಗೆ ಎರಡು ಕೋಟು. ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಡ್ರಮ್, ಹ್ಯಾಂಡ್‌ಬ್ರೇಕ್ ಕೇಬಲ್, ರಬ್ಬರ್ ಬುಷ್ಷುಗಳಿಗೆಲ್ಲ ಮೊದಲೇ ಪೇಪರ್ ಸುತ್ತಿ ಟೇಪ್ ಹಾಕಿದ್ದರು. ಈಕೋದಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದು, ಬಿಸಿಯೆಲ್ಲ ಅಲ್ಲೇ, ಹಾಗಾಗಿ ಸೈಲೆನ್ಸರಿಗೆ ಕೋಟಿಂಗ್ ಬಿದ್ದರೆ ಹೊಗೆ, ವಾಸನೆ ಕ್ಯಾಬಿನ್ನಿಗೇ ಬರುತ್ತದೆ. ನನ್ನ ಗಾಡಿಯಲ್ಲಿ ಹಾಗೇನೂ ಆಗಲಿಲ್ಲ.

ನಾನು ಕೇಳಿ ಮಾಡಿಸಿದ್ದು ಒಳಗಿನ ಮೇಣ. ಚಾಸಿ ಪೆಟ್ಟಿಗೆ, ಬಾಗಿಲ ಪಟ್ಟಿ ಇವುಗಳ ಒಳಗಡೆಗೆ ಉದ್ದನೆ ನಳಿಕೆ ತೂರಿಸಿ ಹೊಡೆಯುವ ಕ್ಯಾವಿಟಿ ವ್ಯಾಕ್ಸ್. ಇದನ್ನು ಕೇಳದಿದ್ದರೆ ಯಾರೂ ಮಾಡುವುದಿಲ್ಲ, ಕಣ್ಣಿಗೆ ಕಾಣುವ ಕೆಲಸ ಅಲ್ಲ ನೋಡಿ. ಆದರೆ ತಗಡು ಒಳಗಿನಿಂದಲೇ ಹೊರಗೆ ಕೊಳೆಯುವುದು. ವೆಲ್ಡ್ ಮಾಡಿದ ಕಡೆ ಹಿಂಬದಿಯ ಪೇಂಟ್ ಸುಟ್ಟು ಹೋಗಿರುತ್ತದೆ, ಅಲ್ಲಿಗಂತೂ ಬೇಕೇ ಬೇಕು. ಗಟ್ಟಿ ಕೋಟಿಂಗ್ ಕಲ್ಲು ಬಡಿದು ಒಮ್ಮೆ ಬಿರುಕು ಬಿಟ್ಟರೆ ನೀರು ಒಳಗೆ ಸೇರಿಕೊಳ್ಳುತ್ತದೆ, ಮೇಣ ಮೆತ್ತಗೇ ಉಳಿದು ಸಣ್ಣ ಗೀರನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಆಗಾಗ ಮತ್ತೆ ಹೊಡೆಸಬೇಕು, ಅದಕ್ಕೆ ತಯಾರಿರಬೇಕು.

ಗಾಡಿ ಬಿಡಿಸಿಕೊಳ್ಳುವಾಗ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದೆ. ಎಡಗಡೆ ಪಟ್ಟಿಯ ಒಂದು ನೀರಿನ ತೂತಿಗೆ ಕೋಟಿಂಗ್ ತುಂಬಿ ಮುಚ್ಚಿತ್ತು. ತೋರಿಸಿದ ಕೂಡಲೇ ಹುಡುಗ ಕಡ್ಡಿ ಹಾಕಿ ಬಿಡಿಸಿದ. ಸಣ್ಣದು ಅನ್ನಿಸಬಹುದು, ಆದರೆ ಆ ಒಂದು ತೂತು ಮುಚ್ಚಿದ್ದರೆ ಒಂದು ಮಳೆಗಾಲದ ನೀರು ಒಳಗೇ ನಿಲ್ಲುತ್ತಿತ್ತು. ನೀವೂ ನೋಡಿಯೇ ತಗೊಳ್ಳಿ. ಮಡ್‌ಗಾರ್ಡಿನ ಎರಡು ಕ್ಲಿಪ್ ಕಾಣೆಯಾಗಿದ್ದವು, ಹೊಸದು ಹಾಕಿಕೊಟ್ಟರು.

ಒಟ್ಟು ಬಿಲ್ ₹15,800, ಬ್ರೇಕ್ ಪೈಪ್ ಸೇರಿ. ಇದರಲ್ಲಿ ಕಪ್ಪು ಕೋಟಿಂಗಿನ ಪಾಲು ₹4,500 ಅಷ್ಟೆ. ಮಿಕ್ಕಿದ್ದೆಲ್ಲ ತೊಳೆದು ಕೆರೆದ ಕೂಲಿ, ಟಿಂಕರ್, ಪ್ರೈಮರ್, ಮೇಣ. ಬಿಲ್ಲಿನಲ್ಲಿ ಹೀಗೆ ಬಿಡಿಸಿ ಬರೆದುಕೊಟ್ಟಿದ್ದು ನನಗೆ ಇಷ್ಟವಾಯಿತು. ಮಳೆಗಾಲ ಕಳೆದ ಮೇಲೆ ಮತ್ತೆ ಲಿಫ್ಟಿಗೆ ಹಾಕಿಸಿ ನೋಡಿದೆವು, ಪ್ಯಾಚಿನ ಕಡೆ ಏನೂ ಇಲ್ಲ, ಬಾಗಿಲ ಹಳಿಯೂ ಚೆನ್ನಾಗಿದೆ. ಹಿಂದಿನ ಬಲ ಚಕ್ರದ ಕಮಾನಿನಲ್ಲಿ ಕಲ್ಲು ಬಡಿದು ಒಂದು ಕಡೆ ಕೋಟಿಂಗ್ ಎದ್ದಿತ್ತು. ಕೆರೆದು ಮತ್ತೆ ಬಳಿದರು, ದುಡ್ಡು ತಗೊಳ್ಳಲಿಲ್ಲ.

ಇಷ್ಟೆಲ್ಲ ಯಾಕೆ, ಹಳೆ ಎಂಜಿನ್ ಆಯಿಲ್ ಹೊಡೆಸಿದರೆ ಸಾಕು ಅನ್ನುವವರು ನಮ್ಮಲ್ಲಿ ತುಂಬ ಜನ. ಎಣ್ಣೆ ಇದ್ದಷ್ಟು ದಿನ ನೀರು ತಾಗುವುದಿಲ್ಲ, ನಿಜ. ಆದರೆ ಅದು ರಬ್ಬರ್ ಬುಷ್ಷುಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಧೂಳು ಹಿಡಿದು ಕೆಸರಿನ ಪದರ ಕಟ್ಟುತ್ತದೆ, ಮನೆ ಅಂಗಳಕ್ಕೆ ತೊಟ್ಟಿಕ್ಕಿ ಬಾವಿ ನೀರಿಗೂ ಹೋಗುತ್ತದೆ. ಬೇಡ. ದೋಣಿಗೆ ಬಳಿಯುವ ಗೇರೆಣ್ಣೆ ಬಗ್ಗೆಯೂ ಒಬ್ಬರು ಹೇಳಿದರು. ಮರಕ್ಕೆ ಅದು ಒಳ್ಳೆಯದೇ, ಆದರೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗಾಡಿ ಕೆಳಗೆ ಮಲಗಿ ಬಳಿಯುವ ಹುಡುಗರಿಗೆ ಆ ಶಿಕ್ಷೆ ಕೊಡಬಾರದು.

ಓಮ್ನಿ ಇರುವವರಿಗೆ ಒಂದು ಮಾತು. 2019ಕ್ಕೇ ಅದರ ತಯಾರಿಕೆ ನಿಂತಿದೆ, ಹಾಗಾಗಿ ಈಗ ಓಡುವುದೆಲ್ಲ ವಯಸ್ಸಾದ ಗಾಡಿಗಳೇ. 15 ವರ್ಷ ದಾಟಿ ಆರ್‌ಸಿ ರಿನ್ಯೂ ಮಾಡಿಸುವ ಯೋಚನೆ ಇದ್ದರೆ ಮೊದಲು ಟಿಂಕರನಿಗೆ ತೋರಿಸಿ. ಫ್ಲೋರ್ ಲಡ್ಡಾಗಿ ಕಾಲಿಟ್ಟರೆ ಕುಸಿಯುವ ಸ್ಥಿತಿ ಇದ್ದರೆ ಕೋಟಿಂಗಿಗೆ ಒಂದು ರೂಪಾಯಿಯೂ ಹಾಕಬೇಡಿ, ಆ ದುಡ್ಡು ತಗಡಿಗೆ ಹಾಕಿ.

ಮಾಡಿಸುವುದಾದರೆ ಮಾರ್ಚ್–ಏಪ್ರಿಲ್‌ನಲ್ಲೇ ದಿನ ಹೇಳಿಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ, ಮೀನಿನ ಗಾಡಿಯವರು ರಿಪೇರಿಗೆ ಬರುವುದು ಆಗಲೇ, ಲಿಫ್ಟ್ ಖಾಲಿ ಸಿಗುವುದಿಲ್ಲ. ಸಿಕ್ಕರೂ ಆ ಮಳೆಯಲ್ಲಿ ಗಾಡಿ ಒಣಗುವುದಿಲ್ಲ.