ಬೋಟಿನ ದಿನ ಎಣಿಸಲು ನನಗೆ ಜಿಫೋರ್ತೇ ಸಾಕು

ಬೋಟು ಸಮುದ್ರದಲ್ಲಿದ್ದ ದಿನ ಎಣಿಸಲು ಮೂರನ್ನು ಪಂದ್ಯಕ್ಕೆ ಇಳಿಸಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಿಫೋರ್ತ್‌ಗೆ, ಅಂದರೆ ಫೋರ್ತ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ರೂಪಕ್ಕೆ. ಫ್ಯಾಕ್ಟರ್ ಎಂಬ ಇನ್ನೊಂದು ಭಾಷೆ ಅದಕ್ಕಿಂತ ಜಾಣ, ಒಪ್ಪುತ್ತೇನೆ. ಮೂರನೆಯದು ಮಾವನ ಎಚ್‌ಪಿ 12ಸಿ ಕ್ಯಾಲ್ಕುಲೇಟರ್. ಅದೂ ಆ ಎರಡರ ಹಾಗೆ ಸ್ಟ್ಯಾಕ್ (ಅಂಕಿಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ) ಮೇಲೆಯೇ ಓಡುತ್ತದೆ, ಹಾಗಾಗಿ ಪಂದ್ಯಕ್ಕೆ ಸೇರಿಸಿದೆ.

ಕೆಲಸ ಸಣ್ಣದು. ಮಲ್ಪೆಯ ಒಂದು ಬೋಟಿನಲ್ಲಿ ಭಾವನಿಗೆ ಪಾಲಿದೆ. ಬೋಟು ಹೊರಟಾಗ ಅವರು ಒಂದು ಮೆಸೇಜ್ ಹಾಕುತ್ತಾರೆ, ದಕ್ಕೆಗೆ (ಬೋಟು ನಿಲ್ಲುವ ಕಟ್ಟೆ) ಬಂದಾಗ ಇನ್ನೊಂದು. ಎಷ್ಟು ದಿನ ಆಯಿತು ಅಂತ ನನ್ನ ಪ್ರೋಗ್ರಾಮ್ ಹೇಳಬೇಕು. ಬೋಟಿನಲ್ಲಿ ದುಡಿಯುವ ಕಲಾಸಿಗಳ ಭತ್ಯೆ ಆ ಲೆಕ್ಕದ ಮೇಲೆ ನಿಂತಿದೆ. ಪೈಥಾನ್‌ನಲ್ಲಿ ಬರೆದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೆ ಹುಚ್ಚು ಅಂತ ಒಂದಿರುತ್ತದಲ್ವಾ.

ಫೋರ್ತ್‌ನಲ್ಲಿ ಸಮಯ ಕೇಳಲು 'ಟೈಮ್‌ಆಂಡ್‌ಡೇಟ್' ಎಂಬ ಪದ ಇದೆ. ಅದು ಸ್ಟ್ಯಾಕ್ ಮೇಲೆ ಆರು ಅಂಕಿ ಸುರಿಯುತ್ತದೆ. ತಳದಲ್ಲಿ ಸೆಕೆಂಡು, ಆಮೇಲೆ ನಿಮಿಷ, ಗಂಟೆ, ದಿನ, ತಿಂಗಳು, ತುದಿಯಲ್ಲಿ ವರ್ಷ. ದಕ್ಕೆಯಲ್ಲಿ ಮೀನಿನ ಬುಟ್ಟಿ ಪೇರಿಸಿಟ್ಟ ಹಾಗೆ. ತಳದ ಬುಟ್ಟಿ ಬೇಕಾದರೆ ಮೇಲಿನ ಐದನ್ನೂ ಇಳಿಸಬೇಕು. ಅದಕ್ಕೆ ನಾನು ಹೆದರಲಿಲ್ಲ. ಹೊಡೆತ ಬಿದ್ದದ್ದು ಬೇರೆ ಕಡೆ.

ನಾನು ಬಾಡಿಗೆಗೆ ತೆಗೆದುಕೊಂಡದ್ದು ಇದ್ದುದರಲ್ಲಿ ಅಗ್ಗದ ಸರ್ವರ್. ಅದರ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಹಗಲಿಗೆ ಕೆಲಸ ಮಾಡುವವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ. ಆದರೆ ಬೋಟು ಹೊರಟದ್ದು 12ನೇ ತಾರೀಕು ಬೆಳಗಿನ ಜಾವ ಮೂರಕ್ಕೆ. ಸರ್ವರ್‌ಗೆ ಆಗ ಇನ್ನೂ 11ರ ರಾತ್ರಿ ಒಂಬತ್ತೂವರೆ. ವಾಪಸು ಬಂದದ್ದು ಮಧ್ಯಾಹ್ನ, ಆ ತಾರೀಕು ಸರಿಯಾಗಿತ್ತು. ಹಾಗಾಗಿ ಭತ್ಯೆಯಲ್ಲಿ ಒಂದು ದಿನ ಜಾಸ್ತಿ. "ಎಂತ ಮಾರಾಯ, ಬೋಟು ದಕ್ಕೆಯಲ್ಲಿ ಇರುವಾಗಲೇ ನಿನ್ನ ಲೆಕ್ಕದಲ್ಲಿ ಸಮುದ್ರಕ್ಕೆ ಹೋಗಿ ಆಯಿತಲ್ಲ!" ಅಂದರು ಭಾವ.

ಸರಿ, ಟೈಮ್‌ಝೋನ್, ಅಂದರೆ ಯಾವ ಊರಿನ ಸಮಯ ಎಂಬುದನ್ನು, ಹಾಕಿದರಾಯಿತು ಅಂದುಕೊಂಡೆ. ಏಷ್ಯಾ, ಕೋಲ್ಕತ್ತಾ ಅಂತ ಬರೆದೆ. ಏನೂ ಬದಲಾಗಲಿಲ್ಲ, ಎರರ್ ಕೂಡ ಬರಲಿಲ್ಲ. ಆ ಸರ್ವರ್‌ನಲ್ಲಿ ಟೈಮ್‌ಝೋನ್ ಫೈಲುಗಳೇ ಇರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಅದು ಸುಮ್ನೆ ಯುಟಿಸಿಗೇ ಅಂಟಿಕೊಳ್ಳುತ್ತದೆ. ಫೈಲು ಬೇಡದ ಇನ್ನೊಂದು ದಾರಿ ಇದೆ, ಐಎಸ್‌ಟಿ (ಭಾರತದ ಸಮಯ) ಎಂದು ಬರೆದು ಪಕ್ಕದಲ್ಲಿ ಗಂಟೆ ಕೊಡುವುದು. ಪ್ಲಸ್ 5:30 ಕೊಟ್ಟೆ. ಈಗ ಗಡಿಯಾರ ಹನ್ನೊಂದು ಗಂಟೆ ಹಿಂದೆ! ಬೆಳಗಿನ ಮೂರು ಹಿಂದಿನ ದಿನದ ಸಂಜೆ ನಾಲ್ಕಾಗಿತ್ತು. ಅಲ್ಲಿ ಚಿಹ್ನೆ ಉಲ್ಟಾ, ಗ್ರೀನಿಚ್‌ನಿಂದ ಪೂರ್ವಕ್ಕಿರುವವರು ಮೈನಸ್ ಬರೆಯಬೇಕು. ಮೈನಸ್ ಹಾಕಿದೆ, ಸರಿಯಾಯಿತು. ನಾನೇ ಕೂತು ಓಡಿಸಿದಾಗ ಮಾತ್ರ. ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಪ್ರೋಗ್ರಾಮನ್ನು ತಾನಾಗಿ ಓಡಿಸುವ ವ್ಯವಸ್ಥೆ, ಓಡಿಸಿದಾಗ ಅದಕ್ಕೆ ನನ್ನ ಸೆಟ್ಟಿಂಗ್ ಕಾಣುವುದಿಲ್ಲ, ಮತ್ತೆ ಯುಟಿಸಿ. ಆ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಇದೇ ಸಿಟ್ಟಿನಲ್ಲಿ ಫ್ಯಾಕ್ಟರ್ ಹಾಕಿ ನೋಡಿದ್ದು. ಸ್ಲಾವಾ ಪೆಸ್ಟೋವ್ 2003ರಲ್ಲಿ ಶುರು ಮಾಡಿದ ಭಾಷೆ. ಅದರ ಕ್ಯಾಲೆಂಡರ್ ಲೈಬ್ರರಿ ನೋಡಿ ನಿಜವಾಗಿ ಹೊಟ್ಟೆಕಿಚ್ಚಾಯಿತು. ಇಡೀ ಸಮಯ ಸ್ಟ್ಯಾಕ್ ಮೇಲೆ ಒಂದೇ ವಸ್ತು, ಎಷ್ಟು ಗಂಟೆ ವ್ಯತ್ಯಾಸದ ಊರು ಎಂಬುದೂ ಅದರೊಳಗೇ ಇದೆ. 'ಮೂರು, ಡೇಸ್, ಅಗೋ' ಅಂದರೆ ಮೂರು ದಿನ ಹಿಂದಿನ ಸಮಯ ಬರುತ್ತದೆ. ನಮ್ಮ ಬೋಟು ಹೊರಟ ಮತ್ತು ಬಂದ ಎರಡು ಸಮಯ ಕಳೆದರೆ ಒಂಬತ್ತೂ ಚಿಲ್ಲರೆ ದಿನ ಬರುತ್ತದೆ, ಚಿಲ್ಲರೆ ಬೇಡವಾದರೆ ಎರಡನ್ನೂ ಮಧ್ಯರಾತ್ರಿಗೆ ಇಳಿಸಲು ಪದ ಇದೆ. ಆದರೆ ಅದು ತನ್ನ ಇಡೀ ಸಂಸಾರವನ್ನು ಮೆಮೊರಿಗೆ ಹತ್ತಿಸಿಕೊಂಡು ಏಳುವ ಪೈಕಿ. ನನ್ನ ಬಡ ಸರ್ವರ್‌ನಲ್ಲಿ ತುಂಬಿದ ಬಸ್ಸು ಆಗುಂಬೆ ಘಾಟಿ ಹತ್ತಿದ ಹಾಗಾಯಿತು. ದೊಡ್ಡ ಸರ್ವರ್ ತೆಗೆದುಕೊಂಡರೆ ತಿಂಗಳ ಬಾಡಿಗೆ ಎರಡು ಪಟ್ಟು. ಭಾವ ನನಗೆ ಕೊಡುವುದು ಸಂಬಳ ಅಲ್ಲ, ಬಂಗುಡೆ.

12ಸಿ ಬಂದದ್ದು 1981ರಲ್ಲಿ. ಎರಡು ತಾರೀಕು ಒತ್ತಿದರೆ ದಿನ ಸಿಗುತ್ತದೆ. ಒಂದೇ ಎಚ್ಚರ: ಅಮೆರಿಕದ ಕ್ರಮದಲ್ಲಿದ್ದರೆ ನಮ್ಮ ಜೂನ್ 1 ಅದಕ್ಕೆ ಜನವರಿ 6. ತಿಂಗಳು 12 ದಾಟಿದರೆ ಮಾತ್ರ ತಪ್ಪು ಅನ್ನುತ್ತದೆ. ಫೋನಿನ ಮೆಸೇಜ್ ಅದಕ್ಕೆ ಓದಲು ಬರುವುದಿಲ್ಲ, ಅಲ್ಲಿಗೆ ಪಂದ್ಯ ಮುಗಿಯಿತು.

ಕೊನೆಗೆ ದಾರಿ ಸಿಕ್ಕಿದ್ದು ಜಿಫೋರ್ತ್‌ನಲ್ಲೇ. 'ಯುಟೈಮ್' ಎಂಬ ಪದ 1970ರ ಜನವರಿ 1ರಿಂದ ಕಳೆದ ಮೈಕ್ರೋಸೆಕೆಂಡುಗಳನ್ನು ಕೊಡುತ್ತದೆ. ಹತ್ತು ಲಕ್ಷದಿಂದ ಭಾಗಿಸಿದರೆ ಸೆಕೆಂಡು. ಐದೂವರೆ ಗಂಟೆಗೆ 19800 ಸೇರಿಸು, ಒಂದು ದಿನದ ಸೆಕೆಂಡುಗಳಾದ 86400ರಿಂದ ಭಾಗಿಸು. ಸ್ಟ್ಯಾಕ್ ಮೇಲೆ ಉಳಿಯುವುದು ಒಂದೇ ಅಂಕಿ, ಈ ದಿನದ ನಂಬರು. 2024ರ ಜೂನ್ 1 ಅಂದರೆ 19875. ಟೈಮ್‌ಝೋನ್ ಫೈಲೂ ಬೇಡ, ಕ್ರಾನ್‌ನ ಮರ್ಜಿಯೂ ಬೇಡ. ನಮ್ಮಲ್ಲಿ ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದ್ದರಿಂದ 19800 ವರ್ಷವಿಡೀ 19800. ತಿಂಗಳು, ಹಬ್ಬ, ನಾಲ್ಕು ದೇಶದ ಸಮಯ ಬೇಕಾದವರು ಫ್ಯಾಕ್ಟರ್ ಹಿಡಿಯಲಿ. ನನಗೆ ಬೇಕಾದ್ದು ಒಂದು ಕಳೆಯುವ ಲೆಕ್ಕ.

ಮೊದಲ ದಿನವೂ ಕೊನೆಯ ದಿನವೂ ಎಣಿಕೆಗೆ ಸೇರಬೇಕಾದ್ದರಿಂದ ಕಳೆದ ಮೇಲೆ ಒಂದು ಕೂಡಿಸಬೇಕು, ಅದನ್ನು ಮೂರರಲ್ಲಿ ಯಾವುದೂ ತಾನಾಗಿ ಮಾಡುವುದಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಮೂರೂ 60 ಅಂದವು. ಭಾವ ಬೆರಳು ಮಡಚಿ 61 ಅಂದರು.